ಕೆಡವಿಸಿದ ಗೋಡೆಯನ್ನು ತಾವೇ ಕಟ್ಟಿಸಿದವರು

ಭೂಕಂಪ, ಪ್ರವಾಹ, ಬಿರುಗಾಳಿಗಳ ಎದುರು ಕಟ್ಟಡಗಳೂ ಸೇತುವೆಗಳೂ ಹೇಗೆ ನಡೆದುಕೊಳ್ಳುತ್ತವೆ ಎಂಬುದನ್ನು ಕಂಪ್ಯೂಟರಿನಲ್ಲಿ ಮೊದಲೇ ನಡೆಸಿ ನೋಡುವ ವಿದ್ಯೆ ಇಂದು ನಮ್ಮ ಸಂಶೋಧನೆಯ ಆಧಾರವಾಗಿದೆ. ಅದಕ್ಕೆ ಬೇಕಾದ ಸಾಫ್ಟ್‌ವೇರ್ ಬರೆದವರು ಅನೇಕರು; ಅದನ್ನು ಬಳಸಿ ಪ್ರಬಂಧ ಬರೆದವರು ಇನ್ನೂ ಅನೇಕರು. ಅದನ್ನು ಪ್ರಾಮಾಣಿಕವಾಗಿ ಬಳಸುವುದು ಹೇಗೆಂದು ಇತರರಿಗೆ ಕಲಿಸುವುದನ್ನೇ ಜೀವಮಾನದ ಕೆಲಸವಾಗಿ ಎತ್ತಿಕೊಂಡವರು ಮಾತ್ರ ವಿರಳ. ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ತರಬೇತಿ ಕೇಂದ್ರದ ಮುಖ್ಯಸ್ಥರು, ನಮ್ಮೆಲ್ಲರ ಮೇಡಂ, ಆ ವಿರಳರ ಸಾಲಿನಲ್ಲಿ ಮೊದಲಿಗರು.

ಅವರು ಸಂಸ್ಥೆಗೆ ಬಂದಾಗ ತರಬೇತಿ ಎಂಬ ಮಾತೇ ಇರಲಿಲ್ಲ. ಸಂಶೋಧಕರು ಸಾಫ್ಟ್‌ವೇರನ್ನು ಒಬ್ಬರಿಂದೊಬ್ಬರು ಕದ್ದು ನೋಡಿ ಕಲಿಯುತ್ತಿದ್ದರು. ತಪ್ಪುಗಳೂ ಹಾಗೆಯೇ ಕೈಯಿಂದ ಕೈಗೆ ಸಾಗುತ್ತಿದ್ದವು. ಒಮ್ಮೆ ಒಬ್ಬ ವಿದ್ಯಾರ್ಥಿ ಯಾವ ಭೂಕಂಪಕ್ಕೂ ಜಗ್ಗದ ಎತ್ತರದ ಕಟ್ಟಡವೊಂದರ ಫಲಿತಾಂಶ ತಂದು ಅವರ ಮೇಜಿನ ಮೇಲಿಟ್ಟನಂತೆ. ಅಳತೆಯ ಮಾನ ತಪ್ಪಿ ಕಟ್ಟಡದ ತೂಕ ಸಾವಿರ ಪಟ್ಟು ಕಡಿಮೆಯಾಗಿತ್ತು. “ಇದಕ್ಕೆ ಭೂಕಂಪದ ಚಿಂತೆ ಬೇಡಪ್ಪಾ, ಗಾಳಿ ಬಂದಾಗ ದಾರ ಕಟ್ಟಿ ಹಿಡ್ಕೋ” ಎಂದು ನಕ್ಕ ಮೇಡಂ, ಮರುವಾರವೇ ಆಸಕ್ತರಿಗೆ ಪಾಠ ಆರಂಭಿಸಿದರು. ಅದೇ ಮುಂದೆ ದೂರದ ಸಂಸ್ಥೆಗಳಿಂದಲೂ ಸಂಶೋಧಕರನ್ನು ಕರೆತಂದ ತರಬೇತಿಯಾಯಿತು.

ಅವರ ತರಗತಿಯಲ್ಲಿ ಬಣ್ಣದ ಚಿತ್ರಗಳಿಗೆ ಮೊದಲ ದಿನಗಳಲ್ಲಿ ಪ್ರವೇಶವಿರಲಿಲ್ಲ. ಕೆಂಪು, ಹಳದಿ, ನೀಲಿಗಳಲ್ಲಿ ಮಿನುಗುವ ಕಟ್ಟಡವನ್ನು ಯಾರಾದರೂ ಹೆಮ್ಮೆಯಿಂದ ತೋರಿಸಿದರೆ, “ರಂಗೋಲಿ ಆಮೇಲೆ ನೋಡೋಣ. ಮೇಲಿಟ್ಟ ಭಾರ ಅಷ್ಟೂ ಕೆಳಗೆ ಬಂತಾ, ಮೊದಲು ಅದನ್ನ ಹೇಳಿ” ಎನ್ನುತ್ತಿದ್ದರು. ಭಾರ ಕೆಳಗೆ ಬಾರದಿದ್ದರೆ ಮಾದರಿಯಲ್ಲಿ ಎಲ್ಲೋ ಒಂದು ಕಂಬ ನೆಲ ಮುಟ್ಟಿಲ್ಲವೆಂದೇ ಅರ್ಥ. ಎಷ್ಟೋ ಪಂಡಿತರ ಕಂಬಗಳು ಆ ಕೋಣೆಯಲ್ಲಿ ಮೊದಲ ಸಲ ನೆಲ ಮುಟ್ಟಿದವು.

ನಾನು ಅಲ್ಲಿಗೆ ಹೋದದ್ದು ಭೌತಶಾಸ್ತ್ರದಿಂದ. ತೊಲೆಗೂ ಕಂಬಕ್ಕೂ ಇರುವ ವ್ಯತ್ಯಾಸವನ್ನು ಪುಸ್ತಕದಲ್ಲಿ ಮಾತ್ರ ಕಂಡವಳು. ಜೊತೆಗೆ ಎಳೆಯ ಮಗಳಿದ್ದಳು. ತರಬೇತಿಯನ್ನು ಮುಂದಿನ ವರ್ಷಕ್ಕೆ ಹಾಕಿಕೊಳ್ಳುತ್ತೇನೆಂದು ತಿಳಿಸಲು ಹೋದಾಗ ಮೇಡಂ ಮಗುವನ್ನು ಎತ್ತಿಕೊಂಡು, “ನಮ್ಮಮ್ಮನ ಹತ್ರ ಬಿಟ್ಟು ಬಾ. ಇಬ್ಬರಿಗೂ ಹಲ್ಲಿಲ್ಲ, ಇಬ್ಬರಿಗೂ ಮಧ್ಯಾಹ್ನ ನಿದ್ದೆ ಬೇಕು. ಚೆನ್ನಾಗಿ ಹೊಂದ್ಕೊಳ್ತಾರೆ” ಎಂದರು. ತರಬೇತಿ ಮುಗಿಯುವವರೆಗೆ ಮಗಳು ಆ ಅಜ್ಜಿಯ ಮಡಿಲಲ್ಲಿ ಬೆಳೆದಳು. ನನ್ನ ವೃತ್ತಿಜೀವನ ಒಂದು ವರ್ಷ ತಡವಾಗಲಿಲ್ಲ. ಬಹುಶಃ ನಿಂತೇ ಹೋಗುವುದು ತಪ್ಪಿತು.

ನಾನು ಮುಖ್ಯವಾಗಿ ದಾಖಲಿಸಬೇಕೆಂದಿರುವ ಘಟನೆ ನಡೆದದ್ದೂ ಆ ತರಬೇತಿಯಲ್ಲಿಯೇ. ಅಭ್ಯಾಸಕ್ಕೆಂದು ಮೇಡಂ ಪ್ರತಿವರ್ಷ ನಮ್ಮ ಕೇಂದ್ರದ ಮೂರಂತಸ್ತಿನ ಕಟ್ಟಡವನ್ನೇ ಕೊಡುತ್ತಿದ್ದರು. ಅದನ್ನು ಕಂಪ್ಯೂಟರಿನಲ್ಲಿ ಕಟ್ಟಿ ಭೂಕಂಪಕ್ಕೆ ಒಡ್ಡಿದರೆ ಅದು ಬಿರುಕು ಬಿಟ್ಟರೂ ಬೀಳದೆ ನಿಲ್ಲುತ್ತಿತ್ತು. ಎಲ್ಲರೂ ಸಮಾಧಾನದಿಂದ ಚಹಾಕ್ಕೆ ಏಳುತ್ತಿದ್ದರು. ಆ ವರ್ಷ ನಮ್ಮೊಡನೆ ಸೇತುವೆಗಳ ಮೇಲೆ ದುಡಿದ ಹಿರಿಯ ಸಂಶೋಧಕರೊಬ್ಬರಿದ್ದರು. ನಮಗೆಲ್ಲ ಅವರು ‘ಸೇತುವೆ ಅಣ್ಣ’. ಪರದೆಯನ್ನೂ ತಮ್ಮ ಕುರ್ಚಿಯನ್ನೂ ಎರಡೆರಡು ಸಲ ನೋಡಿ ಅವರು ಕೈಯೆತ್ತಿದರು.

“ಮೇಡಂ, ಕಂಪ್ಯೂಟರ್ ಪ್ರಕಾರ ನಾನೀಗ ಗೋಡೆ ಒಳಗೆ ಕೂತಿದ್ದೀನಿ.”

ಎಲ್ಲರೂ ನಕ್ಕೆವು. ಮೇಡಂ ಕೂಡ ನಗಲು ಹೊರಟವರು ಅರ್ಧಕ್ಕೇ ನಿಂತರು. ಮಾದರಿ ಹಳೆಯ ನಕ್ಷೆಯದು. ಕೆಳಮಹಡಿಯಲ್ಲಿ ಹಿಂದೆ ಸಣ್ಣ ಸಣ್ಣ ಕೋಣೆಗಳಿದ್ದವು. ತರಬೇತಿಗೆ ಬರುವವರು ಹೆಚ್ಚಾದಾಗ, ನಿರ್ದೇಶಕರನ್ನು ಕಾಡಿ ಬೇಡಿ, ಆ ಕೋಣೆಗಳ ಗೋಡೆಗಳನ್ನು ತೆಗೆಸಿ ಈ ವಿಶಾಲವಾದ ಸಭಾಂಗಣ ಮಾಡಿಸಿದವರು ಸ್ವತಃ ಮೇಡಂ. ಅವು ಭಾರ ಹೊರುವ ಗೋಡೆಗಳಲ್ಲ, ಕಂಬಗಳ ನಡುವಿನ ಇಟ್ಟಿಗೆಯ ತುಂಬು ಮಾತ್ರ. ಹಾಗೆಂದೇ ಅವನ್ನು ತೆಗೆಯುವಾಗ ಯಾರೂ ಎರಡನೆಯ ಸಲ ಯೋಚಿಸಿರಲಿಲ್ಲ. ಆದರೆ ಮೇಲಿನ ಮಹಡಿಗಳು ಬಿಗಿಯಾಗಿಯೇ ಉಳಿದು ಕೆಳಗಿನದು ಮಾತ್ರ ಸಡಿಲವಾದರೆ, ನೆಲ ಅಲುಗಿದಾಗ ಓಲಾಡುವ ಪಾಡೆಲ್ಲ ಕೆಳಗಿನ ಕಂಬಗಳ ಪಾಲಿಗೇ ಬರುತ್ತದೆ.

“ಮಾದರಿಯಿಂದ ಗೋಡೆ ತೆಗೆದು, ಲೆಕ್ಕ ಮತ್ತೆ ಓಡಿಸಿ” ಎಂದರು ಮೇಡಂ. ಓಡಿಸಿದೆವು. ಪರದೆಯ ಮೇಲೆ ಕೆಳಗಿನ ಕಂಬಗಳು ಮುರಿದು, ಕಟ್ಟಡ ನಾವು ಕುಳಿತಲ್ಲಿಗೇ ಕುಸಿಯಿತು. ಎಲ್ಲರನ್ನೂ ಆ ಕ್ಷಣವೇ ಹೊರಗೆ ಕಳಿಸಿ, ಹಿತ್ತಲಿನ ಒಂದೇ ಅಂತಸ್ತಿನ ಉಗ್ರಾಣದಲ್ಲಿ ತರಗತಿ ಮುಂದುವರಿಸಿದರು. ಶಾಲೆಯಲ್ಲಿ ಗಣಿತ ಕಲಿಸುವ ಅವರ ಯಜಮಾನರು ಸ್ಕೂಟರಿನಲ್ಲಿ ವಿದ್ಯುತ್ ತಂತಿಯ ಸುರುಳಿಗಳನ್ನು ಹೊತ್ತು ತಂದು, “ಮನೆ ಮಿಕ್ಸಿಗೂ ಕನೆಕ್ಷನ್ ಉಳಿಸಿಲ್ಲ ನೋಡ್ರಪ್ಪಾ” ಎಂದು ಗೊಣಗುತ್ತ ಜೋಡಿಸಿಕೊಟ್ಟರು.

ಅಲ್ಲಿ ಮೇಡಂ ಕೇಳಿದ ಮೊದಲ ಪ್ರಶ್ನೆ: “ಕಟ್ಟಡದ ಪರ ಯಾರು?” ಯಾರೂ ಏಳಲಿಲ್ಲ. “ಆರೋಪಿಗೂ ವಕೀಲರು ಬೇಕಲ್ವಾ?” ಎಂದು ಆ ಹೊಣೆಯನ್ನು ನನಗೆ ವಹಿಸಿದರು. ನನ್ನ ಕೆಲಸ ಅವರನ್ನು ಸುಳ್ಳಾಗಿಸುವುದು. ಕಾಂಕ್ರೀಟನ್ನು ಗಟ್ಟಿಯೆಂದುಕೊಂಡೆ, ಬೇರೆ ಬೇರೆ ಭೂಕಂಪಗಳ ದಾಖಲೆ ಹಾಕಿದೆ. ಕಂಬಗಳು ಮುರಿಯುತ್ತಲೇ ಹೋದವು. ಕಡೆಗೊಂದು ಓಟದಲ್ಲಿ ಕಟ್ಟಡ ನಿಂತಿತು! ಉಗ್ರಾಣದಲ್ಲಿ ಚಪ್ಪಾಳೆ. ಸಭಾಂಗಣ ಉಳಿಯಿತು, ತರಬೇತಿ ಉಳಿಯಿತು ಎಂದು ನಾನು ಕುಣಿಯುವುದೊಂದು ಬಾಕಿ. ಮೇಡಂ ಪರದೆಯ ಮುಂದೆ ಕುಳಿತು ನನ್ನ ಅಂಕಿಗಳನ್ನು ಮೊದಲಿಂದ ನೋಡತೊಡಗಿದರು.

“ನನಗೂ ಇದೇ ಉತ್ತರ ಬೇಕು ಕಣಮ್ಮಾ. ಅದಕ್ಕೇ ಇದನ್ನ ಸುಮ್ನೆ ನಂಬೋಕಾಗಲ್ಲ.”

ಭೂಕಂಪವನ್ನು ಕಂಪ್ಯೂಟರ್ ಒಂದೇ ಹರಿವಾಗಿ ನೋಡುವುದಿಲ್ಲ, ಸಣ್ಣ ಸಣ್ಣ ಹೆಜ್ಜೆಗಳಲ್ಲಿ ನೋಡುತ್ತದೆ. ಲೆಕ್ಕ ಬೇಗ ಮುಗಿಯಲೆಂದು ನಾನು ಹೆಜ್ಜೆಯನ್ನು ದೊಡ್ಡದು ಮಾಡಿದ್ದೆ. ಅದು ನೆಲದ ತೀವ್ರ ಜಗ್ಗಾಟಗಳನ್ನು ದಾಟಿಕೊಂಡು ಹೋಗಿತ್ತು. ಅವರು ಹೆಜ್ಜೆಯನ್ನು ಕಿರಿದು ಮಾಡಿ ಓಡಿಸಿದರು. ಕಟ್ಟಡ ಬಿದ್ದಿತು. ಆಮೇಲೆ ಕೈಲೆಕ್ಕ, ಇನ್ನೊಂದು ಸಾಫ್ಟ್‌ವೇರ್, ಕಂಬಗಳ ನಿಜವಾದ ಅಳತೆ. ಎಲ್ಲವೂ ಅದನ್ನೇ ಹೇಳಿದವು.

ನಿರ್ದೇಶಕರ ಕೋಣೆಗೆ ಕಾಗದಗಳನ್ನು ಹೊತ್ತು ಅವರೊಡನೆ ಹೋದವಳು ನಾನು.

“ಗೋಡೆ ಬೇಡ ಅಂತ ನನ್ನ ಪ್ರಾಣ ತಿಂದೋರು ನೀವು. ಕೆಡವಿಸಿದೋರು ನೀವು. ಈಗ ಹಾಲ್ ಮುಚ್ಚಿ ಅನ್ನೋರೂ ನೀವೇನಾ?” ಎಂದರು ನಿರ್ದೇಶಕರು.

“ಹೌದು ಸಾರ್. ಮೂರೂ ನಾನೇ.”

“ಇಷ್ಟು ವರ್ಷ ನಿಂತಿದೆಯಲ್ರೀ!”

“ಇಷ್ಟು ವರ್ಷ ಯಾರೂ ಅದನ್ನ ಅಲುಗಿಸಿಲ್ಲ ಸಾರ್.”

ಸಭಾಂಗಣ ಮುಚ್ಚಿದರೆ ಅನುದಾನ ಕೊಡುವವರು ತರಬೇತಿಯನ್ನು ಬೇರೆಡೆಗೆ ಒಯ್ಯುತ್ತಾರೆಂದು ನಿರ್ದೇಶಕರು ಎಚ್ಚರಿಸಿದರು. ಅದು ಬೆದರಿಕೆಯಲ್ಲ, ಸತ್ಯ. ಮೇಡಂ ಅವರ ಅಷ್ಟೂ ವರ್ಷದ ಕೆಲಸ ಆ ಮಾತಿನಲ್ಲಿ ತೂಗುತ್ತಿತ್ತು. ಅವರು ಕಂಪ್ಯೂಟರಿನ ಚಿತ್ರವನ್ನು ತೋರಿಸಲಿಲ್ಲ. ನಿರ್ದೇಶಕರನ್ನು ಕೆಳಗೆ ಕರೆದೊಯ್ದು, ಹೊರಸಾಲಿನ ಕಂಬವೊಂದರ ಪಕ್ಕದಲ್ಲಿ ನಿಲ್ಲಿಸಿ ಎರಡು ಬೆರಳು ಜೋಡಿಸಿ ಹಿಡಿದರು. “ಇದರ ತಲೆ ಇಷ್ಟು ಪಕ್ಕಕ್ಕೆ ಸರಿದ್ರೆ ತಾಳುತ್ತೆ.” ಬಳಿಕ ಅಂಗೈ ಬಿಚ್ಚಿದರು. “ಸರಿಯೋದು ಇಷ್ಟು.”

ನಿರ್ದೇಶಕರು ಅಂಗೈಯನ್ನೂ ಸೂರನ್ನೂ ನೋಡಿದರು. “ನನ್ನ ಕೋಣೆ ಇದರ ಮೇಲೇ ಬರುತ್ತಲ್ವಾ?”

“ಗುಮಾಸ್ತರದ್ದೂ ಬರುತ್ತೆ ಸಾರ್.”

ಹೊರಗಿನ ತಜ್ಞರು ಬಂದು ಅದೇ ಮಾತು ಹೇಳಿದರು. ಕಂಬಗಳಿಗೆ ಹೊಸ ಕಾಂಕ್ರೀಟಿನ ಕವಚ ತೊಡಿಸಲಾಯಿತು. ಸಭಾಂಗಣದ ನಟ್ಟನಡುವೆ ಬುನಾದಿಯಿಂದ ಸೂರಿನವರೆಗೆ ಕಾಂಕ್ರೀಟಿನ ದಪ್ಪ ಗೋಡೆ ಎದ್ದಿತು. ಅನುದಾನದ ಒಂದು ಪಾಲು ನಿಜವಾಗಿಯೂ ಹೋಯಿತು. ಅರ್ಧ ಕೋಣೆಗೆ ಅರ್ಧ ಜನ ಸಾಕೆಂದು ಎಲ್ಲರೂ ಹೇಳಿದಾಗ ಮೇಡಂ ಒಪ್ಪಲಿಲ್ಲ. ಬಂದವರನ್ನು ಎರಡು ಪಾಳಿ ಮಾಡಿ, ಬೆಳಿಗ್ಗೆ ಹೇಳಿದ ಪಾಠವನ್ನೇ ಮಧ್ಯಾಹ್ನ ಮತ್ತೆ ಹೇಳತೊಡಗಿದರು. ನಿವೃತ್ತಿಯ ಈ ತಿಂಗಳಲ್ಲೂ ಹಾಗೆಯೇ ಹೇಳುತ್ತಿದ್ದಾರೆ. ಮಧ್ಯಾಹ್ನದವರಿಗೆ ಹಳಸಲು ಪಾಠ ಸಿಕ್ಕಿತೆಂದು ಇದುವರೆಗೆ ಯಾರೂ ದೂರಿಲ್ಲ.

ದೊಡ್ಡ ಭೂಕಂಪ ಇದುವರೆಗೆ ಬಂದಿಲ್ಲ, ಬಾರದಿರಲಿ. ಅವರು ಸರಿಯೆಂದು ನೆಲ ಸಾಕ್ಷಿ ಹೇಳಬೇಕಾದ ಅಗತ್ಯ ನಮಗಿಲ್ಲ. ಅವರ ಕೈಯಲ್ಲಿ ಪಳಗಿದವರು ಇಂದು ಅಣೆಕಟ್ಟುಗಳನ್ನು, ಆಸ್ಪತ್ರೆಗಳನ್ನು, ಶಾಲೆಗಳನ್ನು ಪರೀಕ್ಷಿಸುತ್ತಿದ್ದಾರೆ. ತಮಗೆ ಬೇಕಾದ ಉತ್ತರ ಬಂದಾಗಲೇ ಹೆಚ್ಚು ಅನುಮಾನಪಡುತ್ತಿದ್ದಾರೆ.

ಅವರಿಗೆ ಅರ್ಪಿಸುತ್ತಿರುವ ಈ ಅಭಿನಂದನ ಗ್ರಂಥದ ಬಿಡುಗಡೆಯನ್ನು ನಗರದ ದೊಡ್ಡ ಸಭಾಭವನದಲ್ಲಿ ಇಟ್ಟುಕೊಳ್ಳೋಣವೆಂದು ಸಮಿತಿ ಕೇಳಿದಾಗ ಮೇಡಂ, “ನಮ್ಮ ಅರ್ಧ ಹಾಲಿಗೇನಾಗಿದೆ?” ಎಂದರಂತೆ. ಅಷ್ಟು ಜನ ಅಲ್ಲಿ ಹಿಡಿಸುವುದಿಲ್ಲ. ಆದ್ದರಿಂದ ಬೆಳಿಗ್ಗೆ ಒಂದು ಪಾಳಿ, ಮಧ್ಯಾಹ್ನ ಒಂದು ಪಾಳಿ. ಹೊಗಳಿಕೆಯೆಂದರೆ ಮುಖ ತಿರುಗಿಸುವ ಅವರು ಅಂದು ಅದನ್ನು ಎರಡೆರಡು ಸಲ ಕೇಳಲೇಬೇಕು. ದೀರ್ಘಾಯುಷ್ಯವನ್ನೂ ಆರೋಗ್ಯವನ್ನೂ ಇನ್ನೂ ಅನೇಕರ ಲೆಕ್ಕಗಳನ್ನು ಅಲುಗಿಸಿ ನೋಡುವ ಉತ್ಸಾಹವನ್ನೂ ನಾನು ಅವರಿಗೆ ಎರಡೂ ಪಾಳಿಯಲ್ಲಿ ಹಾರೈಸುವವಳಿದ್ದೇನೆ.