ಐದು ಗಂಟೆ ಬಸ್ಸಿನ ಹಿತಕಬೇಳೆ

ಸಾಯಂಕಾಲದ ಬಸ್ಸು ಶೂಲಗಿರಿ ಬಿಟ್ಟು ಎರಡನೇ ಗೇರಿಗೆ ಬರುವುದರೊಳಗೆ ರುಕ್ಮಿಣಿ ಟೀಚರ ಮಡಿಲಿಗೆ ಸ್ಟೀಲ್ ಡಬ್ಬಿ ಬಂದಿರುತ್ತಿತ್ತು. ಬೆಳಿಗ್ಗೆಯೇ ನೀರಿಗೆ ಹಾಕಿದ ಅವರೆಕಾಳು ಅದರೊಳಗೆ ಉಬ್ಬಿಕೊಂಡು ಕಾಯುತ್ತಿತ್ತು. ಎರಡು ಬೆರಳ ನಡುವೆ ಇಟ್ಟು ಹಿತುಕಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಮುಚ್ಚಳಕ್ಕೆ ಬೀಳುತ್ತಿತ್ತು. ಕೈ ಕಡೆ ನೋಡುತ್ತಲೇ ಇರಲಿಲ್ಲ ಮಹಾತಾಯಿ. ಕಣ್ಣೆಲ್ಲ ಕಿಟಕಿಯಾಚೆ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಶೂಲಗಿರಿಯಲ್ಲಿ ಅವರಿದ್ದ ಶಾಲೆಗೇ ಹೊಸ ಟೀಚರಾಗಿ ಸೇರಿ, ಅವರಂತೆಯೇ ದಿನಾ ಹೊಸೂರಿನಿಂದ ಹೋಗಿ ಬರುತ್ತಾ, ಬಸ್ಸಿಗೆ ಶಾಪ ಹಾಕುತ್ತಿದ್ದೆ. ಟೀಚರು ಒಂದು ಹಿಡಿ ಕಾಳು ನನ್ನ ಕೈಗೆ ಸುರಿದು ಅಂದರು:

"ಬೈಬೇಡ ಕಣೇ. ಮನೇಲಿ ಅತ್ತೆಗೆ ನಾನು ಬೇಕು, ಯಜಮಾನರಿಗೆ ಬೇಕು, ಸ್ಕೂಲಲ್ಲಿ ಅಷ್ಟೂ ಮಕ್ಕಳಿಗೆ ಬೇಕು. ಇಲ್ಲಿ ನಾನು ಯಾರಿಗೂ ಬೇಡ, ಟಿಕೆಟ್ ತಗೊಂಡ್ರೆ ಆಯ್ತು. ಈ ಒಂದು ಗಂಟೆ ನಂದು."

ಆಮೇಲೆ ನಾನೂ ಹಿತುಕಿದೆ. ಹೆಂಗಸರ ಸೀಟಿನವರೆಲ್ಲ ಹಿತುಕುತ್ತಿದ್ದರು. ಮನೆಯಲ್ಲಿ ತೆಲುಗು, ಟಿಕೆಟ್ಟಿಗೆ ತಮಿಳು, ನಮ್ಮ ಹತ್ತಿರ ಕನ್ನಡ ಆಡುವ ಕಂಡಕ್ಟರ್ ಮುನಿಸ್ವಾಮಿ ಕೂಡ ಟಿಕೆಟ್ ಮುಗಿದ ಮೇಲೆ ಕೈಯೊಡ್ಡುತ್ತಿದ್ದ. ಒಂದು ದಿನ ನನ್ನ ಕೈಯಿಂದ ಜಿಗಿದ ಬೇಳೆ ಮುಂದಿನ ಸೀಟಿನ ದೊಡ್ಡ ಮನುಷ್ಯರೊಬ್ಬರ ಬೋಳು ತಲೆ ಮೇಲೆ ಹೋಗಿ ಕೂತಿತು. ಅವರು ಅದನ್ನು ತೆಗೆದು, ಬೆಳಕಿಗೆ ಹಿಡಿದು ನೋಡಿ, ತಿರುಗಿ ಮುಚ್ಚಳಕ್ಕೇ ಹಾಕಿದರು.

ಇಂಥ ಸುಖಕ್ಕೆ ಕಲ್ಲು ಹಾಕಿದ್ದು ಸ್ಕೂಟರು. ಟೀಚರ ಯಜಮಾನರು ಶ್ರೀನಿವಾಸಮೂರ್ತಿಗಳು ಕೃಷ್ಣಗಿರಿಯ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ವರ್ಷಗಟ್ಟಲೆ ಕಾದ ಮೇಲೆ ಗಾಡಿ ಮನೆಗೆ ಬಂತು. ಚಕ್ರದಡಿ ನಿಂಬೆಹಣ್ಣು, ಹ್ಯಾಂಡಲಿಗೆ ಸೇವಂತಿಗೆ ಹಾರ. ಮದುವೆಯಲ್ಲಿ ಬಂದ ಶಾಲು ಪೆಟ್ಟಿಗೆಯಿಂದ ಎದ್ದು ಅದರ ಸೀಟಿನ ಮೇಲೆ ಮಲಗಿತು. ಚಳಿಯಲ್ಲಿ ನಡುಗುವ ಅತ್ತೆಗೂ ಆ ಶಾಲು ಸಿಕ್ಕಿರಲಿಲ್ಲ. ತಮ್ಮ ಹೆಂಡತಿ ಇನ್ನು ಬಸ್ಸಿನಲ್ಲಿ ನೇತಾಡಬೇಕಾಗಿಲ್ಲ, ಹೋಗುವಾಗ ಶಾಲೆಗೆ ಬಿಟ್ಟು ಬರುವಾಗ ತಾವೇ ಕರೆತರುತ್ತೇವೆ ಎಂದು ಬೀದಿಗೆಲ್ಲ ಸಾರಿದರು. ಕಿಟಕಿ ಪಕ್ಕ ಕೂತು ಬರುತ್ತಿದ್ದವರು ಯಾವಾಗ ನೇತಾಡಿದ್ದರೋ ಕಾಣೆ.

ಒಂದು ಸಂಜೆ ನಮ್ಮ ಬಸ್ಸು ಆ ಸ್ಕೂಟರನ್ನು ಹಿಂದೆ ಹಾಕಿತು. ಯಜಮಾನರು ಕುತ್ತಿಗೆ ಅರ್ಧ ತಿರುಗಿಸಿಕೊಂಡು ಒಂದೇ ಸಮನೆ ಮಾತಾಡುತ್ತಿದ್ದರು. ಹಿಂದೆ ಟೀಚರು ತಲೆಗೆ ಸೆರಗು ಬಿಗಿದು, ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಸ್ಟೆಪ್ನಿ ಹಿಡಿದು ಲಾರಿ ಹೊಗೆ ಕುಡಿಯುತ್ತಿದ್ದರು. ತಲೆಯೆತ್ತಿ ತಮ್ಮ ಕಿಟಕಿಯನ್ನು ನೋಡಿದರು.

ಅಷ್ಟರಲ್ಲಿ ಅವರೆ ಕಾಲ ಬಂತು. ಟೀಚರು ಜಗಳ ಆಡಲಿಲ್ಲ. ಹುಳಿಗೂ ಉಪ್ಪಿಟ್ಟಿಗೂ ಅವರೆಕಾಳನ್ನು ಸಿಪ್ಪೆ ಸಮೇತ ಹಾಕುತ್ತಾ ಹೋದರು. ಅತ್ತೆಗೆ ಉಳಿದಿದ್ದದ್ದು ನಾಲ್ಕೋ ಐದೋ ಹಲ್ಲು. ಹದಿನೈದು ದಿನ ಸಿಪ್ಪೆ ಉಗುಳಿ ಉಗುಳಿ ಸಾಕಾಗಿ, ಹಿತಕಬೇಳೆ ಸಾರು ಎಲ್ಲಿ ಹೋಯಿತೆಂದು ಕೇಳಿದರು. ಹಿತುಕೋಕೆ ಒಂದು ಗಂಟೆ ಬೇಕು, ಸ್ಕೂಟರ್ ಮೇಲೆ ಎರಡೂ ಕೈಯಲ್ಲಿ ಹಿಡಿದುಕೊಂಡಿರಬೇಕಲ್ಲ ಎಂದರು ಸೊಸೆ, ಬಹಳ ವಿನಯದಿಂದ.

ಭಾನುವಾರ ಯಜಮಾನರೇ ಪಂಚೆ ಕಟ್ಟಿ ಹಿತುಕಲು ಕೂತರು. ಅರ್ಧ ಕಾಳು ಜಜ್ಜಿ ಹೋಯಿತು, ಉಳಿದದ್ದು ಗೋಡೆಗೆ ಹಾರಿತು. ಕ್ಲಚ್ ಹಿಡಿಯುವ ಬೆರಳು ನೋಯುತ್ತದೆಂದು ಎದ್ದೇಬಿಟ್ಟರು. ಆಗ ಅತ್ತೆ ತೀರ್ಪು ಕೊಟ್ಟರಂತೆ:

"ನಿನ್ ಗಾಡಿ ನೀನೇ ಇಟ್ಕೊಳ್ಳೋ ಸೀನ. ನನ್ ಸೊಸೇನ ಬಸ್ಸಿಗೆ ಬಿಡು."

ಸೋಮವಾರ ಟೀಚರು ಬಸ್ ಸ್ಟ್ಯಾಂಡಿನಲ್ಲಿ ಹಾಜರ್. ಹೆಂಗಸರಿಗೆ ಸ್ಕೂಟರ್ ಒಗ್ಗುವುದಿಲ್ಲ, ಅದಕ್ಕೇ ತಾವೇ ಬಿಡಿಸಿದೆವೆಂದು ಯಜಮಾನರು ಹೇಳಿಕೊಂಡು ತಿರುಗಿದರು. ಆ ಸಂಜೆ ಟೀಚರು ನನ್ನ ಕಿವಿಯ ಹತ್ತಿರ ಬಗ್ಗಿದರು. "ನಿಜ ಹೇಳ್ಲಾ? ಮನೇಲಿ ಕೂತ್ರೆ ಹಿತುಕೋದು ಅರ್ಧ ಗಂಟೆ ಕೆಲಸ ಕಣೇ."

ಕಾಲ ಕಳೆದು ಟೀಚರೂ ಯಜಮಾನರೂ ನಿವೃತ್ತರಾದರು. ಯಜಮಾನರು ಹಗಲೆಲ್ಲ ಮನೆಯಲ್ಲೇ, ಕಾಫಿ ಎಲ್ಲಿ, ಕನ್ನಡಕ ಎಲ್ಲಿ ಎಂದು ಕೂಗುತ್ತಾ ಇರುತ್ತಾರೆಂದು ಕೇಳಿದ್ದೆ. ಒಂದು ಚಳಿಗಾಲದ ಸಂಜೆ ಶೂಲಗಿರಿಯಲ್ಲಿ ಬಸ್ಸು ಹತ್ತಿದರೆ ಕಿಟಕಿ ಪಕ್ಕ ಟೀಚರು! ತಲೆ ಪೂರ್ತಿ ನೆರೆತಿತ್ತು, ಮೈ ಇಳಿದಿತ್ತು. ಮಡಿಲಲ್ಲಿ ಅದೇ ಡಬ್ಬಿ. ಇಲ್ಲಿ ಏನು ಕೆಲಸ ಇತ್ತೆಂದು ಕೇಳಿದೆ.

"ಏನೂ ಇಲ್ಲ. ಮಧ್ಯಾಹ್ನದ ಬಸ್ಸಲ್ಲಿ ಬಂದೆ, ಇದ್ರಲ್ಲಿ ವಾಪಸ್ ಹೋಗ್ತಿದೀನಿ. ಅವರೆ ನೆನೆಹಾಕಿದ್ದೆ ಕಣೇ."

ಹೀಗಂದು ಒಂದು ಹಿಡಿ ಕಾಳು ನನ್ನ ಕೈಗೆ ಸುರಿದು ಕಿಟಕಿಯ ಕಡೆ ತಿರುಗಿಕೊಂಡರು. ಮುಂದಿನ ಅವರೆ ಕಾಲಕ್ಕೆ ಅವರು ಇರುವುದಿಲ್ಲ ಎಂದು ಆವತ್ತು ನನಗೆ ಗೊತ್ತಿರಲಿಲ್ಲ. ಕೇಳುವುದು, ಹೇಳುವುದು ಎಷ್ಟೋ ಇತ್ತು. ಆದರೆ ಆ ಒಂದು ಗಂಟೆ ಅವರದು. ಹೊಸೂರು ಬರುವ ತನಕ ನಾನೂ ಹಿತುಕುತ್ತಾ ಕೂತೆ.