ಹಕ್ಕು ಬಿಡುಗಡೆಯ ಸೀರೆ

ಬರವಣಿಗೆಯ ಬದುಕಿನಲ್ಲಿ ನಾನು ಬಿಡದೆ ಪಾಲಿಸಿಕೊಂಡು ಬಂದ ನಿಯಮವೊಂದಿದೆ. ಯಾರ ಮಾತನ್ನು ಅಚ್ಚಿಗೆ ಕೊಡುತ್ತೇನೋ, ಮೊದಲು ಅವರಿಗೇ ಅದನ್ನು ಓದಿ ಹೇಳುತ್ತೇನೆ. ಮಂತ್ರಿಗಳಿಗೂ ಓದಿದ್ದೇನೆ, ಪೌರಕಾರ್ಮಿಕ ಮಹಿಳೆಯರಿಗೂ ಓದಿದ್ದೇನೆ. ಇದನ್ನು ನಾನು ಪತ್ರಿಕೋದ್ಯಮದ ತರಗತಿಯಲ್ಲಿ ಕಲಿಯಲಿಲ್ಲ; ಕಲಿಸಿದವರು ನನ್ನ ಸೋದರತ್ತೆ, ಅಪ್ಪನ ಅಕ್ಕ.

ಅತ್ತೆ ಚಾಮರಾಜಪೇಟೆಯ ಒಂದು ಮುದ್ರಣಾಲಯದಲ್ಲಿ ಬೈಂಡಿಂಗ್ ಕೆಲಸದಲ್ಲಿದ್ದರು. ಅಚ್ಚಾದ ಹಾಳೆ ಮಡಚಿ, ಹೊಲಿದು, ರಟ್ಟು ಅಂಟಿಸುತ್ತಲೇ ಅವರಿಗೆ ವಯಸ್ಸಾಯಿತು. ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮಾತನಾಡುವಾಗ ಅರ್ಧ ದಿನ ರಜೆ ಹಾಕಿ ಬಂದು ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದರು. ಕಪ್ ಹಿಡಿದು ಹೊರಗೆ ಬಂದರೆ ಮೊದಲ ಪ್ರಶ್ನೆ: “ಗೆದ್ದೆ ಸರಿ. ಆ ಕಡೆ ಹುಡುಗಿ ಏನಂದ್ಲು, ಹೇಳು ನೋಡೋಣ?” ನನಗೆ ಹೇಳಲು ಬಾರದಿದ್ದರೆ, “ಹಂಗಾದ್ರೆ ನೀನು ಆಡಿದ್ದು ಜಗಳ ಕಣೆ” ಎಂದು ಬಸ್‌ಸ್ಟಾಪಿನ ಕಡೆ ಹೊರಟುಬಿಡುತ್ತಿದ್ದರು.

ಈಚೆಗೆ ಒಂದು ಅವರೆಕಾಯಿ ಕಾಲದಲ್ಲಿ, ಭಾನುವಾರದ ಪುರವಣಿಗೆಂದು ಶ್ರೀರಾಂಪುರದ ನಮ್ಮ ಮನೆಯ ಕಥೆ ಬರೆದೆ. ಗಿರಣಿ ಕಾರ್ಮಿಕನಾಗಿದ್ದ ತಾತ ಒಂದೊಂದೇ ಕೋಣೆ ಸೇರಿಸುತ್ತ ಕಟ್ಟಿಸಿದ ಮನೆ ಅದು. ಬಾಗಿಲ ಮೇಲೆ ಬುದ್ಧನ ಪಟ ತೂಗುಹಾಕಿದ ದಿನವೇ ತಾತ ಮಡಿ, ಮುಹೂರ್ತ, ಶಾಸ್ತ್ರಗಳನ್ನೆಲ್ಲ ಕೈಬಿಟ್ಟಿದ್ದರಂತೆ. ಅವರು ತೀರಿಕೊಂಡ ಮೇಲೆ ಅತ್ತೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಿದರು; ಮನೆ ಅಪ್ಪನ ಹೆಸರಿಗೆ ಬಂತು. ನಾನು ಬರೆದ ವಾಕ್ಯ ಹೀಗಿತ್ತು: “ತಮ್ಮನಿಗಾಗಿ ಅಕ್ಕ ತನ್ನ ಪಾಲನ್ನು ನಗುನಗುತ್ತ ತ್ಯಾಗ ಮಾಡಿ, ತವರಿನ ಸೀರೆ ಉಟ್ಟು ಹೊರಟಳು.”

ಇದನ್ನು ಅತ್ತೆಗೆ ಓದಿ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ನಮ್ಮ ಮನೆಯ ಕಥೆಯಲ್ಲಿ ನನಗೆ ಗೊತ್ತಿಲ್ಲದ್ದೇನಿದೆ ಎಂಬ ಧೈರ್ಯ.

ತಾತನ ಹಳೆಯ ಫೋಟೊ ಬೇಕಾಗಿ ಗುರುವಾರ ಮಧ್ಯಾಹ್ನ ಹನುಮಂತನಗರದ ಅತ್ತೆಯ ಬಾಡಿಗೆ ಮನೆಗೆ ಹೋದೆ. ಸಂಜೆ ನಾಲ್ಕಕ್ಕೆ ಪುಟ ಮುಗಿಯಬೇಕಿತ್ತು. ಅತ್ತೆ ನೆನೆಸಿದ ಅವರೆಕಾಳು ಹಿಚುಕುತ್ತ ಕೂತಿದ್ದರು. “ನನ್ ವಿಷ್ಯ ಏನು ಬರ್ದಿದೀಯ, ಓದು” ಎಂದರು. ಮೊಬೈಲಿನಲ್ಲಿದ್ದುದನ್ನು ಓದಿದೆ. ಅವರ ಕೈ ನಿಂತಿತು.

“ನಾನು ನಕ್ಕೆ ಅಂತ ನಿಂಗ್ಯಾರೆ ಹೇಳಿದ್ದು?”

“ಮನೇಲಿ ಎಲ್ರೂ ಹಾಗೇ ಹೇಳ್ತಾರಲ್ಲ ಅತ್ತೆ.”

“ಆ ಎಲ್ರಲ್ಲಿ ನಾನಿದೀನಾ?”

ನಾನು ಮೊಬೈಲನ್ನು ಕೆಳಗಿಟ್ಟೆ.

“ಅವತ್ತು ಪ್ರೆಸ್ಸಿಂದ ಸೀದಾ ರಿಜಿಸ್ಟ್ರಾರ್ ಆಫೀಸಿಗೆ ಹೋಗಿದ್ದೆ. ಉಗುರಲ್ಲಿ ಇನ್ನೂ ರಟ್ಟಿನ ಅಂಟು ಇತ್ತು. ಇಲ್ಲಿ ಸೈನ್ ಹಾಕಕ್ಕ ಅಂದ ನಿಮ್ಮಪ್ಪ, ಹಾಕ್ದೆ. ಮೆಟ್ಟಿಲಿಳಿಯೋವಾಗ ಚಿಕ್ಕಪೇಟೆ ಸೀರೆ ಒಂದು ಕೈಗಿಟ್ರು, ಅರಿಶಿನ ಕುಂಕುಮಕ್ಕೆ ಅಂತ. ತ್ಯಾಗ ಮಾಡ್ಬೇಕು ಅಂದ್ರೆ, ಇದು ನಿಂದು ಅಂತ ಮೊದ್ಲು ಯಾರಾದ್ರೂ ಹೇಳ್ಬೇಕಲ್ವೇನೆ? ನನ್ನ ಯಾರೂ ಕೇಳ್ಲೇ ಇಲ್ಲ. ಆ ಸೀರೆ ಮಡಿಕೆ ನಾನಿನ್ನೂ ಬಿಚ್ಚಿಲ್ಲ.”

ಅಷ್ಟು ಶಾಸ್ತ್ರಗಳನ್ನು ತೊರೆದ ಮನೆತನ ಈ ಒಂದು ಶಾಸ್ತ್ರವನ್ನು ಮಾತ್ರ ಉಳಿಸಿಕೊಂಡಿತ್ತು. ಹೆಣ್ಣುಮಕ್ಕಳ ಆಸ್ತಿಯ ಪಾಲಿಗೆ ಅರಿಶಿನ ಕುಂಕುಮದ ಸೀರೆ ಬದಲಿಯಾಗಲಾರದೆಂದು ನಾನು ಅಂಕಣಗಳಲ್ಲಿ ವಾದಿಸಿದ್ದೆ, ಮಲ್ಲೇಶ್ವರದ ಸಭೆಗಳಲ್ಲಿ ಮೇಜು ಕುಟ್ಟಿ ಹೇಳಿದ್ದೆ. ಅದೇ ಸೀರೆ ನನ್ನ ಮನೆಯೊಳಗೆ ಬಂದಾಗ ಅದಕ್ಕೆ ತ್ಯಾಗವೆಂಬ ಚೆಂದದ ಹೆಸರಿಟ್ಟವಳೂ ನಾನೇ.

“ತ್ಯಾಗ ಅನ್ನೋದು ತೆಗಿ. ಕೇಳ್ಲಿಲ್ಲ ಅಂತ ಬರಿ” ಎಂದರು ಅತ್ತೆ. “ನಾನಿರೋವಾಗ್ಲೇ ಸರಿಯಾಗಿ ಬರ್ಲಿ. ಆದ್ರೆ ನಿಮ್ಮಪ್ಪಂಗೆ ಹೇಳ್ದೆ ಹಾಕ್ಬೇಡ. ನಂಗೆ ಮಾಡಿದ್ದನ್ನೇ ಅವನಿಗೂ ಮಾಡ್ಬೇಡ.”

ಅಪ್ಪನಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಹೊಸ ವಾಕ್ಯ ಓದಿದೆ: “ಪತ್ರಕ್ಕೆ ಸಹಿ ಹಾಕಿಸುವ ಮೊದಲು ಅಕ್ಕನನ್ನು ಯಾರೂ ಕೇಳಲಿಲ್ಲ.” ಸರ್ಕಾರಿ ಕಚೇರಿಯ ಗುಮಾಸ್ತರಾಗಿ ನಿವೃತ್ತರಾದ ಅಪ್ಪನಿಗೆ ಜನರ ಬಾಯಿಯೆಂದರೆ ಭಯ. ಆ ಮನೆಯೆಂದರೆ ಪ್ರಾಣ.

“ಇದು ಪೇಪರಲ್ಲಿ ಬಂದ್ರೆ ಪಾರ್ಕಲ್ಲಿ ನನ್ ಜೊತೆ ವಾಕ್ ಮಾಡೋರು ಏನಂತಾರೆ? ಅಕ್ಕನ ಪಾಲು ನುಂಗ್ದೋನು ಅಂತಾರೆ.”

“ನೀನು ನುಂಗ್ದೆ ಅಂತ ಯಾರೋ ಅಂದ್ರು? ಕೇಳ್ಲಿಲ್ಲ ಅಂತ ಅಷ್ಟೇ ಇದೆ” ಎಂದರು ಅತ್ತೆ.

“ಅಕ್ಕಾ, ನೀನೂ ಅಲ್ಲೇ ಇದೀಯಾ?”

“ನನ್ ಮನೆ ಕಣೋ ಇದು. ನಾನಿಲ್ದೆ ಇನ್ಯಾರಿರ್ತಾರೆ?”

ಅಪ್ಪನ ದನಿ ಇಳಿಯಿತು. “ಆವಾಗ ಎಲ್ಲಾ ಹಂಗೇ ಇತ್ತಲ್ಲಕ್ಕ. ಹೆಣ್ಮಕ್ಕಳನ್ನ ಯಾರು ಕೇಳ್ತಿದ್ರು?”

“ಅದನ್ನೇ ತಾನೆ ಅವಳು ಬರೀತಿರೋದು?”

ಆ ಕಡೆ ಕುಕ್ಕರ್ ಕೂಗಿತು. ಅಪ್ಪ ಎದ್ದು ಹೋಗಿ ಒಲೆ ಆರಿಸಿದ ಸದ್ದು ಕೇಳಿತು. ಅಪ್ಪ ಬೇಡವೆಂದಿದ್ದರೆ ನಾನು ಏನು ಮಾಡುತ್ತಿದ್ದೆನೋ ಇಂದಿಗೂ ತಿಳಿಯದು. ಆ ಇಕ್ಕಟ್ಟಿಗೆ ನನ್ನನ್ನು ದೂಡದಿದ್ದುದು ಅವರ ದೊಡ್ಡತನ.

“ಅಕ್ಕ, ಅವತ್ತು ಕೇಳಿದ್ರೆ ಏನಂತಿದ್ದೆ?”

“ಗೊತ್ತಿಲ್ಲಪ್ಪ. ಎಲ್ಲಾ ನೀನೇ ಇಟ್ಕೋ ಅಂತಿದ್ನೋ, ಮೇಲಿನ ರೂಮು ನಂಗಿರ್ಲಿ ಅಂತಿದ್ನೋ. ಕೇಳಿದ್ರೆ ತಾನೆ ಯೋಚ್ನೆ ಮಾಡೋದು?”

ಆಮೇಲೆ ಅಪ್ಪ ನನಗೆ ಹೇಳಿದರು: “ಹಾಕಮ್ಮ. ಯಾರೂ ಕೇಳ್ಲಿಲ್ಲ ಅಂತ ಬರಿಬೇಡ. ನಿಮ್ಮಪ್ಪ, ಅಂದ್ರೆ ನಾನು, ಕೇಳ್ಲಿಲ್ಲ ಅಂತ ಬರಿ. ಪತ್ರ ಬರ್ಸಿದ್ದು ನಾನು.”

ನಾಲ್ಕಕ್ಕೆ ಮೊದಲೇ ಲೇಖನ ಕಳಿಸಿದೆ. ನನ್ನ ಬರಹಗಳಲ್ಲಿ ಅಷ್ಟು ಕಟುವಾದ ತಿದ್ದುಪಡಿಯನ್ನು ಯಾವ ಸಂಪಾದಕರೂ ಮಾಡಿಲ್ಲ, ಅಷ್ಟು ಪ್ರೀತಿಯಿಂದಂತೂ ಯಾರೂ ಮಾಡಿಲ್ಲ. ಸಮಾಜವನ್ನು ತಿದ್ದಬೇಕೆಂಬ ನನ್ನ ಹಟ ಈಗಲೂ ಕರಗಿಲ್ಲ. ಆದರೆ ಬೇರೆಯವರ ಮನೆಯ ಹೊಸ್ತಿಲು ದಾಟುವ ಮೊದಲು ಆ ಮಧ್ಯಾಹ್ನವನ್ನು ನೆನೆಯುತ್ತೇನೆ. ನನ್ನನ್ನು ತಡೆದ ಅಕ್ಕನಿಗೂ, ತಡವಾಗಿಯಾದರೂ ಬಾಯಿಬಿಟ್ಟು ಕೇಳಿದ ತಮ್ಮನಿಗೂ ನಾನು ಋಣಿ.

ಭಾನುವಾರ ಬೆಳಿಗ್ಗೆ ಅಪ್ಪ ಪಾರ್ಕಿಗೆ ಹೋಗಲಿಲ್ಲ. ಪತ್ರಿಕೆಯ ಪುಟವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು, ನನ್ನನ್ನೂ ಕರೆದುಕೊಂಡು ಹನುಮಂತನಗರಕ್ಕೆ ಹೊರಟರು. ಅತ್ತೆ ಕನ್ನಡಕ ಹಾಕಿಕೊಂಡು ಆ ಸಾಲನ್ನು ಎರಡು ಸಲ ಓದಿದರು. ಆಮೇಲೆ ಹಾಳೆಯನ್ನು ನೆಲದ ಮೇಲೆ ಹರಡಿ, ಅಪ್ಪ ಮಾಡಿದ್ದ ಸೊಟ್ಟ ಮಡಿಕೆಯನ್ನು ಹೆಬ್ಬೆರಳ ಉಗುರಿನಿಂದ ತೀಡಿ ಸರಿಪಡಿಸಿ ಮತ್ತೆ ಮಡಚಿದರು.

“ಅಷ್ಟು ವರ್ಷ ಫೈಲ್ ಕಟ್ಟಿದೋನು, ಒಂದು ಪೇಪರ್ ಮಡಚಕ್ಕೆ ಬರಲ್ಲ.”

ಅಪ್ಪ ನಗಲಿಲ್ಲ. “ಅಕ್ಕ, ಆ ಮೇಲಿನ ರೂಮಿನ ವಿಷ್ಯ…” ಎಂದು ತೊಡಗಿದರು.

“ಕೇಳ್ತಿದೀಯ ತಾನೆ?”

“ಹೂಂ, ಕೇಳ್ತಿದೀನಿ.”

“ಹಂಗಾದ್ರೆ ಮೊದ್ಲು ತಿಂಡಿ ತಿನ್ನು. ಯೋಚ್ನೆ ಮಾಡಿ ಹೇಳ್ತೀನಿ.”