ಹೂಲಿ ಗುಡ್ಡದ ಮೇಲೊಂದು ಎತ್ತುಸೇತುವೆ

ಕಂಪ್ಯೂಟರ್ ಗೇಮು ಆಡಿಯೇ ನಮ್ಮ ಕಡೆಯ ಹುಡುಗರಿಗೆ ಕೋಟೆಗಳ ಮೇಲೆ ಅಭಿಮಾನ ಹುಟ್ಟಿತು ಎಂದು ನನ್ನ ವಾರಿಗೆಯವರು ಈಗಲೂ ಹೇಳುತ್ತಾರೆ. ಯಾವ ಕೋಟೆಯ ಮೇಲೆ? ನನ್ನ ತಕರಾರು ಅಲ್ಲಿಂದಲೇ ಶುರು.

ಎರಡು ಸಾವಿರದ ದಶಕದ ನಡುವಿನ ಮಾತು. ಸವದತ್ತಿ ಬಸ್ ನಿಲ್ದಾಣದ ಹಿಂದಿನ ಸೈಬರ್ ಕೆಫೆಯಲ್ಲಿ ನಾನೂ ನನ್ನ ಕಾಲೇಜಿನ ಗೆಳೆಯನೂ ಮಧ್ಯಯುಗದ ಯುದ್ಧದ ಗೇಮೊಂದನ್ನು ಆಡುತ್ತಿದ್ದೆವು. ಅದರ ಭಾಗಗಳು ಒಂದರ ಹಿಂದೊಂದು ಬಂದವು. ಎಲ್ಲದರಲ್ಲೂ ಯುರೋಪಿನ ಒಂದೇ ಕೋಟೆ. ಮೊದಲ ಭಾಗದಲ್ಲಿ ಅದನ್ನು ಕಾಯಬೇಕು, ಎರಡನೆಯದರಲ್ಲಿ ಮುತ್ತಬೇಕು, ಮೂರನೆಯದರಲ್ಲಿ ಪಾಳುಬಿದ್ದ ಅದರ ನೆಲ ಅಗೆದು ನಿಧಿ ತೆಗೆಯಬೇಕು. ಒಳಗಿನ ಸೈನಿಕರಿಗೆ ಒಮ್ಮೆಯೂ ಹಸಿವೆ-ನೀರಡಿಕೆ ಆಗಲಿಲ್ಲ. ಸುತ್ತ ಕಂದಕದ ತುಂಬ ನೀರು, ಅದರ ಮೇಲೆ ಸರಪಳಿ ಎಳೆದರೆ ಮೇಲೇಳುವ ಸೇತುವೆ. ಗೆಳೆಯನಿಗೆ ಆ ಸೇತುವೆಯ ಹುಚ್ಚು.

ಬೈಲಹೊಂಗಲದ ಚರ್ಚಾಸ್ಪರ್ಧೆಗೆ ಕಾಲೇಜಿನಿಂದ ಒಬ್ಬರೇ ಹೋಗಬಹುದಿತ್ತು. ನನಗೆ ಆ ಅವಕಾಶ ಬೇಕೇ ಬೇಕಿತ್ತು. ಆಯ್ಕೆಗೆಂದು ನಮ್ಮಿಬ್ಬರನ್ನೂ ಎದುರುಬದುರು ನಿಲ್ಲಿಸಿದರು. ವಿಷಯ: ಹಳೆಯ ಕೋಟೆಗಳನ್ನು ಮತ್ತೆ ಕಟ್ಟಬೇಕೇ? ತೀರ್ಪು ಇತಿಹಾಸ ಕಲಿಸುವ ಸರ್ ಅವರದು. ಗೆಳೆಯ ಎದ್ದವನೇ, ಹಿಂದೆ ಇದ್ದವೇ ಇವು ಎಂಬಂತೆ, ಹೂಲಿ ಗುಡ್ಡದ ಕೋಟೆಗೆ ಮಾತಿನಲ್ಲೇ ಕಂದಕ ತೋಡಿ, ನೀರು ತುಂಬಿ, ಸೇತುವೆ ಇಳಿಬಿಟ್ಟ. ಚಪ್ಪಾಳೆ. ಸವದತ್ತಿ ಹತ್ತಿರದ ಹೂಲಿ ನನ್ನ ತಾಯಿಯ ತವರು. ಆ ಗುಡ್ಡದಲ್ಲಿ ಆಡಿ ಬೆಳೆದವನು ನಾನು.

“ಅದು ಹೂಲಿ ಅಲ್ರಿ ಸರ್, ಗೇಮಿನ ಕೋಟಿ!”

“ಸೋಲೂ ಹೊತ್ತಿಗೆ ಗೇಮ್ ನೆನಪಾತೇನಪಾ?” ಎಂದರು ಸರ್. ಕ್ಲಾಸು ಹೊಟ್ಟೆ ಹಿಡಿದು ನಕ್ಕಿತು.

ಗೆಳೆಯ ಗೆದ್ದ. ಅವನ ಹೆಸರು ಕಳಿಸುವ ಮುನ್ನ ಭಾಷಣಕ್ಕೆ ಇನ್ನಷ್ಟು ವಿವರ ಸಿಗಲಿ ಎಂದು ಸರ್ ಭಾನುವಾರ ಅವನನ್ನು ಹೂಲಿಗೆ ಕರೆದೊಯ್ದರು. ಕರೆಯದಿದ್ದರೂ ನಾನೂ ಬೆನ್ನು ಹತ್ತಿದೆ. ಸುಳ್ಳು ಆಧಾರ ಕೊಟ್ಟವನನ್ನು ಕೈಬಿಡಬೇಕೆಂಬುದು ಸರ್ ಅವರೇ ಮಾಡಿದ ನಿಯಮ.

ಮೇಲೆ ಬೋಳುಗಲ್ಲು, ಮುರಿದ ಗೋಡೆ, ಒಣಹುಲ್ಲು.

“ಎಲ್ಲೈತಿ ತೋರ್ಸಲೇ ಕಂದಕ?” ಎಂದೆ.

“ಮುಚ್ಚಿ ಹೋಗಿರಬೇಕು,” ಎಂದ ಗೆಳೆಯ.

“ಇಲ್ಲಿ ಗುದ್ದಲಿ ಹೊಡದ್ರ ಕಿಡಿ ಹಾರತಾವ. ತೋಡಿದವ್ರು ಯಾರು, ನಿಮ್ಮ ಕೆಫೆ ಮಾಲಕನ?”

“ಜನಕ್ಕ ಸೇತುವಿ ಬೇಕಲೇ. ನಿನ್ನ ಒಣಾ ಕಲ್ಲು ಯಾರು ಕೇಳ್ತಾರ?”

ಅವನು ಒಪ್ಪಿಕೊಂಡೇಬಿಟ್ಟನಲ್ಲ ಎಂದು ನಾನು ಸರ್ ಕಡೆ ತಿರುಗಿದೆ. ಅವರು ಏದುಸಿರು ಬಿಡುತ್ತ, ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದರು.

“ಕಾಲಾಂತರದಾಗ ಎಷ್ಟೋ ಅಳಿಸಿ ಹೋಗಿರತಾವು ತಮ್ಮಾ. ಇಷ್ಟು ಹೊಟ್ಟಿಕಿಚ್ಚು ಪಡಬಾರದು. ಸ್ಪರ್ಧಾಕ್ಕ ಇವನ ಹೋಗ್ಲಿ.”

ನಮ್ಮ ಭಾಗದ ಕೋಟೆಗಳನ್ನು ವರ್ಷ ವರ್ಷವೂ ಕಲಿಸುತ್ತಿದ್ದ ಮನುಷ್ಯ, ಇಳಿಯುವ ದಾರಿ ಯಾವ ಕಡೆಗೆಂದು ಹುಡುಕುತ್ತಿದ್ದರು.

“ಸರ್,” ಎಂದೆ, “ನೀವು ಇದಕ್ಕೂ ಮೊದಲ ಒಮ್ಮೆಯಾದ್ರೂ ಈ ಗುಡ್ಡಾ ಹತ್ತೀರೇನ್ರಿ?”